ಕಾರಿನಡಿ ಕಪ್ಪು ಹನಿ

ಪುಣೆ ಕ್ಯಾಂಪಿನ ಈಸ್ಟ್ ಸ್ಟ್ರೀಟ್ ಹಿಂದಿನ ನಮ್ಮ ಹಳೇ ಕಟ್ಟಡದ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದಾರೆ. ನಮ್ಮ ಕರ್ನಾಟಕದ ಕಲಬುರಗಿ ಕಡೆಯ ಕಲ್ಲು, ಎಣ್ಣೆ ಬಿತ್ತೆಂದರೆ ಕುಡಿದುಬಿಡುತ್ತದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ 18 ವರ್ಷದ ಪೆಟ್ರೋಲ್ ಕಾರಿನ ಕೆಳಗೆ ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ ಕಂಡಿತು. ಹದಿನೈದು ದಿನದಲ್ಲಿ ಅದು ರೊಟ್ಟಿಯಷ್ಟಾಯಿತು. ವಾಚ್‌ಮನ್ ದಿನಾ ಬೆಳಿಗ್ಗೆ ಕಲೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಪೊರಕೆ ಎತ್ತಿಕೊಂಡು ಸುಮ್ಮನೆ ಹೋಗುತ್ತಿದ್ದ.

ಮೊದಲು ಹೋದ ಗ್ಯಾರೇಜಿನವರು ಅರ್ಧ ನಿಮಿಷ ಟಾರ್ಚ್ ಬಿಟ್ಟು ನೋಡಿ, "ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 14,000 ಆಗುತ್ತೆ" ಎಂದರು. ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ, ಕ್ರ್ಯಾಂಕಿನ ತುದಿಯಲ್ಲಿ ಕೂರುವ ರಬ್ಬರಿನ ಬಳೆಯೇ ಈ ಸೀಲ್. ಬಳೆಯ ಬೆಲೆ ಅಷ್ಟೇನಿಲ್ಲ, ಅಲ್ಲಿಗೆ ಕೈ ತಲುಪಿಸುವ ಮಜೂರಿಯೇ ದುಬಾರಿ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಬಿಲ್ಲು ತಿದ್ದಿದವಳು ನಾನು. ಕಾರಣ ಬರೆಯದ ಬಿಲ್ಲಿಗೆ ಸಹಿ ಹಾಕಿದವಳಲ್ಲ.

ಕಾರನ್ನು ನಾನಾ ಪೇಠಕ್ಕೆ ಒಯ್ದೆ. ವಾಹನಗಳ ಬಿಡಿಭಾಗ ಬೇಕೆಂದರೆ ಪುಣೆಯವರು ಹೋಗುವುದು ಅಲ್ಲಿಗೇ. ಅಲ್ಲೊಬ್ಬ ಹಿರಿಯ ಮೇಸ್ತ್ರಿ ಇದ್ದಾರೆ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು. ಎಲ್ಲರಿಗೂ ಮಾಮಾ. ನಾನು ಧಾರವಾಡದವಳೆಂದು ಗೊತ್ತಾದ ಕ್ಷಣ ಮರಾಠಿ ಬಿಟ್ಟರು.

"ಅಕ್ಕಾರ, ಮೊದಲ ಇದು ಎಂಥಾ ಎಣ್ಣಿ ಅಂತ ನೋಡೂಣ್ರಿ. ರಾತ್ರಿ ಕೆಳಗ ಒಂದು ರಟ್ಟು ಇಟ್ಟು ನಾಳೆ ತಗೊಂಡು ಬರ್ರಿ."

ಮನೆಯಲ್ಲಿದ್ದದ್ದು ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತಿನ ಖಾಲಿ ಡಬ್ಬಿ. ಬಿಡಿಸಿ ಹಾಸಿದೆ. ಬೆಳಿಗ್ಗೆ ಅದರ ಮೇಲೆ ಐದು ಕಂದುಗಪ್ಪು ಹನಿಗಳು. ಮಾಮಾ ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ, ಇಂಜಿನ್ ಆಯಿಲ್ಲೇ ಎಂದರು. ಹಸಿರೋ ಗುಲಾಬಿಯೋ ಬಣ್ಣದ ನೀರಾಗಿದ್ದರೆ ಕೂಲಂಟ್. ಕೆಂಪಗಿದ್ದರೆ ಹೆಚ್ಚಾಗಿ ಪವರ್ ಸ್ಟಿಯರಿಂಗಿನದು. ಚಕ್ರದ ಬಳಿ ತಿಳಿಹಳದಿ ಜಿಡ್ಡು ಕಂಡರೆ ಬ್ರೇಕ್ ಆಯಿಲ್ ಇರಬಹುದು, ಆ ಗಾಡಿ ಅಲ್ಲಿಂದ ಕದಲಬಾರದು. ಬರೀ ನೀರಾದರೆ ಎಸಿಯದು, ನೆಮ್ಮದಿಯಿಂದ ಮಲಗಿ.

ಆಮೇಲೆ ಮಾಮಾ ಮಾಡಿದ ಕೆಲಸವನ್ನು ಮೊದಲ ಗ್ಯಾರೇಜಿನವರು ಮಾಡಿರಲಿಲ್ಲ. ಇಂಜಿನ್ನಿನ ಜಿಡ್ಡನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ಅನುಮಾನ ಬಂದ ಸಂದುಗಳಿಗೆ ಮಕ್ಕಳ ಪೌಡರ್ ಉದುರಿಸಿ, ಕಾಲು ಗಂಟೆ ಇಂಜಿನ್ ಓಡಿಸಿದರು. ಎಣ್ಣೆ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಬಿದ್ದ ಜಾಗವೇ ಸೋರಿದ ಜಾಗ ಆಗಬೇಕೆಂದಿಲ್ಲ. ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆಯಾಗಿದೆಯೋ ಅದೇ ಮೂಲ. ಬಿಳಿ ಪೌಡರಿನ ಮೇಲೆ ಕಂದು ಗೆರೆಯೊಂದು ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಸಂದಿನಿಂದ ಹೊರಟು ಗೇರ್‌ಬಾಕ್ಸಿನ ಸಂದಿಗೆ ಇಳಿದಿತ್ತು. ಹಿಂದಿನ ಸೀಲ್ ನಿರಪರಾಧಿ.

"ಹಂಗಾದ್ರ ಪ್ಯಾಕಿಂಗ್ ಬದಲಿಸಿದ್ರ ಆತಲ್ರಿ?" ಅಂದೆ.

"ತಡೀರಿ. ಪ್ಯಾಕಿಂಗ್ ಯಾಕ ಹೋತು?"

ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೋರಿಸಿದರು. ಒಳಗೆ ಕಡೆದ ಬೆಣ್ಣೆಯಂಥ ಕೆನೆ. ಪಿಸ್ಟನ್ ಪಕ್ಕದಿಂದ ಒಂದಿಷ್ಟು ಸುಟ್ಟ ಗಾಳಿ ಸದಾ ಕೆಳಗೆ ನುಸುಳುತ್ತದೆ. ಅದನ್ನು ಹೊರಗೆಳೆದು ಮತ್ತೆ ಉರಿಯಲು ಕಳಿಸುವುದಕ್ಕೆ ಬ್ರೀದರ್ ಕೊಳವೆ, ಅದರಲ್ಲೊಂದು ಪಿಸಿವಿ ವಾಲ್ವ್. ನಾನು ಓಡಾಡುವುದೆಲ್ಲ ಮನೆಯಿಂದ ಶಿವಾಜಿ ಮಾರ್ಕೆಟ್, ಅಲ್ಲಿಂದ ಮನೆ. ಇಂಜಿನ್ ಪೂರ್ತಿ ಕಾಯುವ ಮೊದಲೇ ಆಫ್. ಒಳಗಿನ ನೀರಾವಿ ಆರದೆ ಎಣ್ಣೆಯೊಡನೆ ಕಲೆತು ಕೆನೆಗಟ್ಟಿ ವಾಲ್ವನ್ನು ಮುಚ್ಚಿತ್ತು. ಹೊರಹೋಗಲು ದಾರಿಯಿಲ್ಲದ ಗಾಳಿ ಬಿಸಿಗೆ ಬಿರುಸಾಗಿದ್ದ ಹಳೇ ಪ್ಯಾಕಿಂಗನ್ನೇ ಒತ್ತಿ ಹಾದಿ ಮಾಡಿಕೊಂಡಿತ್ತು. ಮಾಮಾ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಹೊಸದನ್ನು ಅಲ್ಲಾಡಿಸಿದಾಗ ಟಕಟಕ ಎಂದಿತು. (ಇಂಥ ಕೆನೆಯ ಜೊತೆ ಕೂಲಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ದೊಡ್ಡ ರೋಗ. ನನ್ನ ಕೂಲಂಟ್ ಗೆರೆಗೆ ಸರಿಯಾಗಿತ್ತು.)

ವಾಲ್ವ್, ಪ್ಯಾಕಿಂಗ್, ಮಜೂರಿ ಸೇರಿ 1,150 ರೂಪಾಯಿ. ಎಣ್ಣೆ ಬದಲಿಸಿದ ಲೆಕ್ಕ ಬೇರೆ.

ಎಲ್ಲರ ಗಾಡಿಗೂ ಇದೇ ಕಾಯಿಲೆ ಅಲ್ಲ. ಸರ್ವಿಸ್ ಆದ ಮರುದಿನವೇ ಸೋರಿದರೆ ಫಿಲ್ಟರ್, ಡ್ರೇನ್ ಬೋಲ್ಟ್ ಮೊದಲು ನೋಡಿಸಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತಿರುತ್ತದೆ, ಇಲ್ಲವೇ ಬೋಲ್ಟಿನ ವಾಷರ್ ಹಳೆಯದೇ ಇರುತ್ತದೆ. ಬೋಲ್ಟನ್ನು ಜೋರಾಗಿ ಬಿಗಿಸಿ ಸೋರಿಕೆ ನಿಲ್ಲಿಸುತ್ತೇನೆ ಎನ್ನುವವರಿಗೆ ಸ್ಪ್ಯಾನರ್ ಕೊಡಬೇಡಿ. ಅಲ್ಯೂಮಿನಿಯಂ ಆಯಿಲ್ ಚೇಂಬರಿನ ಥ್ರೆಡ್ ಕಿತ್ತು ಬರುತ್ತದೆ. ಸೋರಿಕೆ ನಿಲ್ಲಿಸುವ ಬಾಟಲಿ ಔಷಧಗಳ ಮೇಲೂ ನನಗೆ ನಂಬಿಕೆಯಿಲ್ಲ. ರಬ್ಬರನ್ನು ಕೊಂಚ ಉಬ್ಬಿಸಿ ದಿನ ತಳ್ಳುತ್ತವೆ, ಕಟ್ಟಿದ ಬ್ರೀದರನ್ನು ಬಿಡಿಸುವುದಿಲ್ಲ.

ಒಂದೆರಡು ಹನಿಗೆ ಗಾಬರಿ ಬೇಡ, ಆದರೆ ಸುಟ್ಟ ವಾಸನೆ ಬಂದರೆ ತಡ ಮಾಡಬೇಡಿ. ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಎಣ್ಣೆ ಬಿದ್ದು ಬೆಂಕಿ ಹತ್ತುವುದುಂಟು. ಇನ್ನು ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ. ಅದು ಎಣ್ಣೆಯ ಮಟ್ಟ ತೋರಿಸುವುದಲ್ಲ, ಒತ್ತಡ ಕುಸಿದಾಗ ಹತ್ತುವುದು. ಊರಿಗೆ ಹೊರಟು ಖಂಬಾಟಕಿ ಘಾಟಿನಲ್ಲಿ ಅದು ಹತ್ತಿತೆಂದರೆ "ಸಾತಾರ ಮುಟ್ಟಿದ ಮೇಲೆ ನೋಡಿದರಾಯಿತು" ಅನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಮಟ್ಟ ತಿಳಿಯಲು ಡಿಪ್‌ಸ್ಟಿಕ್ ನೋಡಬೇಕು. ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು, ಒರೆಸಿ, ಅದ್ದಿ, ಎತ್ತಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿಸಿ ಸುರಿಯುವುದೂ ಸೋರಿಕೆಗೆ ದಾರಿಯೇ. ತೆಗೆದ ಹಳೇ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿಸಿ ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ.

ನಾನೀಗ ಭಾನುವಾರ ಬೆಳಿಗ್ಗೆ ಕಾತ್ರಜ್ ಘಾಟ್ ದಾಟಿ ಒಂದು ಸುತ್ತು ಹೋಗಿಬರುತ್ತೇನೆ, ಇಂಜಿನ್ ಚೆನ್ನಾಗಿ ಕಾಯಲಿ ಎಂದು. ಆರು ತಿಂಗಳಾಯಿತು. ಬಿಸ್ಕತ್ತಿನ ರಟ್ಟು ಇನ್ನೂ ಕಾರಿನಡಿಯಲ್ಲೇ ಇದೆ, ಹೊಸ ಹನಿ ಬಿದ್ದಿಲ್ಲ.