ಎಲ್ಲಮ್ಮನ ಜಾತ್ರೆಯೂ ಸಾಂಕ್ರಾಮಿಕ ರೋಗಗಳ ಪೂರ್ವಸಿದ್ಧತೆಯೂ

ಸಾಂಕ್ರಾಮಿಕ ರೋಗವು ತಾನು ಬರುವ ದಿನವನ್ನು ಮುಂದಾಗಿ ತಿಳಿಸುವುದಿಲ್ಲ. ಆದರೆ ಅದಕ್ಕೆ ಆಸ್ಪದವೀಯುವ ಜನಸಂದಣಿಯ ದಿನವು ಪಂಚಾಂಗದಲ್ಲಿಯೇ ದೊರೆಯುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾವಧಿ ಭಕ್ತರು ಬರುವರು. ಜೋಗುಳಬಾವಿಯಲ್ಲಿ ಮಿಂದು ಗುಡ್ಡವನ್ನೇರುವುದು ರೂಢಿ. ಆರೋಗ್ಯಾಧಿಕಾರಿಯ ಪೂರ್ವಸಿದ್ಧತೆ ಎಂದರೇನೆಂಬುದನ್ನು ಈ ಸ್ಥಳವನ್ನು ಮುಂದಿಟ್ಟುಕೊಂಡು ನಾವು ವಿವೇಚಿಸಬಯಸುತ್ತೇವೆ.

ಹಿರಿಯರು ಪಟಕಿಬೇನೆ ಎಂದು ಹೆದರುತ್ತಿದ್ದ ಕಾಲರಾವನ್ನೇ ತೆಗೆದುಕೊಳ್ಳೋಣ. ಕಲುಷಿತ ನೀರನ್ನು ಕುಡಿದ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ಅದರ ಲಕ್ಷಣಗಳು ತೋರುತ್ತವೆ. ಅಷ್ಟರಲ್ಲಿ ಯಾತ್ರಿಕನು ಊರು ಸೇರಿರುತ್ತಾನೆ. ಗುಡ್ಡದ ನೀರು ಒಮ್ಮೆ ಕೆಟ್ಟಿತೆನ್ನಿ, ರೋಗಿಗಳು ಕಾಣಿಸಿಕೊಳ್ಳುವುದು ಸೊಲ್ಲಾಪುರ, ಕೊಲ್ಲಾಪುರದ ಕಡೆಯ ಹಳ್ಳಿಗಳಲ್ಲಿ. ಅಲ್ಲೊಬ್ಬ ಇಲ್ಲಿಬ್ಬರೆಂದು ಚೆದುರಿದವರನ್ನು ನೋಡಿದ ವೈದ್ಯನಿಗೆ ಮೂಲವು ಹೊಳೆಯದು. ಆದುದರಿಂದ ಸವದತ್ತಿಯ ಆಸ್ಪತ್ರೆಯಲ್ಲಿ ಹಾಸಿಗೆಗಳನ್ನು ಹೆಚ್ಚಿಸಿದರೆ ಸಾಲದು. ಜಾತ್ರೆಯ ಮುಂದಿನ ವಾರ ಬಂದ ಪ್ರತಿಯೊಬ್ಬ ವಾಂತಿಭೇದಿಯ ರೋಗಿಯನ್ನೂ ಎಲ್ಲಿಗೆ ಹೋಗಿದ್ದಿರೆಂದು ಕೇಳುವ ಪದ್ಧತಿ ಬೇಕು. ಆ ಉತ್ತರವು ರಾಜ್ಯದ ಗಡಿ ದಾಟಿ ಅಂದೇ ಬೆಳಗಾವಿಯನ್ನು ಮುಟ್ಟಬೇಕು. ಬಂದದ್ದು ಹೆಸರಿಲ್ಲದ ಹೊಸ ಬೇನೆಯಾದರೂ ಈ ಏರ್ಪಾಡು ಉಪಯೋಗಕ್ಕೆ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನರೂ ಜ್ವರಕ್ಕೆ ತುತ್ತಾದಾಗ ಹೊಸ ವೈರಾಣುವನ್ನು ಗುರುತಿಸಲು ಸಾಧ್ಯವಾದದ್ದು, ಪುಣೆಯ ವೈರಾಣು ಸಂಶೋಧನಾ ಕೇಂದ್ರವು 1952ರಿಂದಲೇ ಕಾರ್ಯನಿರತವಾಗಿದ್ದುದರಿಂದ.

ಇನ್ನು ಅಧಿಕಾರದ ಮಾತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಪ್ಲೇಗಿನ ನಡುವೆ ಹುಟ್ಟಿತು. ಆಗ ಬೆಳಗಾವಿಯಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಪುಣೆಯಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ರೋಗಿಗಳನ್ನು ಹುಡುಕಿದರು. ಜನ ರೊಚ್ಚಿಗೆದ್ದರು, ಅದೇ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಕಾಯಿದೆಯ ಬಲವೊಂದೇ ಎಷ್ಟು ದೂರ ನಡೆದೀತೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಕೋವಿಡ್ ನಿಮಿತ್ತ 2020ರ ಮಾರ್ಚ್ ತಿಂಗಳಲ್ಲಿ ಎಲ್ಲಮ್ಮನ ಗುಡಿಯೂ ಭಕ್ತರಿಗೆ ಮುಚ್ಚಿತು. ಭಂಡಾರ, ಬಳೆ, ಕಾಯಿಗಳನ್ನು ಮಾರುವವರಿಗೆ ಹುಣ್ಣಿಮೆಯೇ ಸುಗ್ಗಿ. ಅವರೊಡನೆ, ಪೂಜಾರಿಗಳೊಡನೆ, ಜೋಗತಿಯರೊಡನೆ ಬೇನೆಯಿಲ್ಲದ ದಿನಗಳಲ್ಲಿ ಕುಳಿತು ಮಾತನಾಡದ ಅಧಿಕಾರಿಯ ಮಾತನ್ನು ಬೇನೆಯ ದಿನ ಕೇಳುವವರಾರು? ಯಾವ ಗುರುತು ಕಂಡರೆ ಜಾತ್ರೆಯನ್ನು ನಿಲ್ಲಿಸತಕ್ಕದ್ದು, ಆ ಮಾತನ್ನು ಯಾರು ಆಡತಕ್ಕದ್ದು, ಆಗಲೇ ಹೊರಟ ಚಕ್ಕಡಿ-ಬಸ್ಸುಗಳನ್ನು ಎಲ್ಲಿ ತಡೆದು ಯಾತ್ರಿಕರಿಗೆ ಅನ್ನ-ನೀರು ಒದಗಿಸತಕ್ಕದ್ದು, ಅಂಗಡಿಕಾರರಿಗೆ ಪರಿಹಾರವೆಷ್ಟು — ಇವೆಲ್ಲವೂ ಬನದ ಹುಣ್ಣಿಮೆಗೆ ಒಂದು ತಿಂಗಳ ಮೊದಲೇ ಅವರೆಲ್ಲರ ಸಮಕ್ಷಮ ಬರಹದಲ್ಲಿ ನಿಶ್ಚಯವಾಗಿರಬೇಕು.