ಹೋಯ್ ಆನ್‌ನ ಹೊರಸುತ್ತು

ಮಧ್ಯ ವಿಯೆಟ್ನಾಂನ ಹೋಯ್ ಆನ್ ಎಂದರೆ ಗೂಡುದೀಪಗಳ ಸಾಲು, ಹಳದಿ ಗೋಡೆ, ತು ಬೊನ್ ನದಿಯ ಮೇಲೆ ತೇಲುವ ದೋಣಿ. ಪ್ರವಾಸಿ ಫೋಟೊಗಳಲ್ಲಿ ಕಾಣುವುದು ಇಷ್ಟೇ. ಅದೇನೂ ಸುಳ್ಳಲ್ಲ. ಆದರೆ ಹಳೇಪೇಟೆಯಲ್ಲಷ್ಟೇ ಅಡ್ಡಾಡಿ, ಬಟ್ಟೆ ಹೊಲಿಸಿಕೊಂಡು ಹಿಂದಿರುಗುವವರಿಗೆ ಅರ್ಧ ಊರು ಮಾತ್ರ ಸಿಗುತ್ತದೆ. ಆ ಮನೆಗಳಿಗೆ ಮಣ್ಣು ಸುಟ್ಟವರು, ತೊಲೆ ಕೆತ್ತಿದವರು, ಅಲ್ಲಿನ ಅಡುಗೆಗೆ ಸೊಪ್ಪು ಬೆಳೆಯುವವರು ಇರುವುದೆಲ್ಲ ಪೇಟೆಯ ಹೊರಗೆ. ಅವರನ್ನು ಹುಡುಕಿಕೊಂಡು ಹೋಗಲು ಬೈಕೇ ಸರಿ.

ಯುರೋಪಿನ ವರ್ತಕರು ಈ ಊರನ್ನು ಫೈಫೊ ಎನ್ನುತ್ತಿದ್ದರು. 15ರಿಂದ 19ನೇ ಶತಮಾನದವರೆಗೆ ಇದು ರೇಷ್ಮೆ, ಪಿಂಗಾಣಿಗಳ ದೊಡ್ಡ ಬಂದರು. ಚೀನಿಯರು ಸಭಾಭವನಗಳನ್ನು ಕಟ್ಟಿಕೊಂಡರು. ಜಪಾನಿ ವರ್ತಕರು ಮಾಡು ಹೊದಿಸಿದ ಸೇತುವೆಯೊಂದನ್ನು ಬಿಟ್ಟುಹೋದರು. ಒಂದು ತುದಿಗೆ ಕೋತಿಗಳು, ಇನ್ನೊಂದಕ್ಕೆ ನಾಯಿಗಳು ಕಾವಲಿರುವ ಆ ಸೇತುವೆ 20,000 ಡಾಂಗ್ ನೋಟಿನ ಮೇಲೂ ಇದೆ. ಮುಂದೆ ನದಿಯಲ್ಲಿ ಹೂಳು ತುಂಬಿತು, ಹಡಗುಗಳು ಸುಮಾರು 30 ಕಿ.ಮೀ. ದೂರದ ದ ನಾಂಗ್‌ಗೆ ಹೊರಳಿಕೊಂಡವು. ವ್ಯಾಪಾರ ಕೈಬಿಟ್ಟಿದ್ದೇ ಊರಿಗೆ ವರವಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಅವಸರ ಇಲ್ಲಿ ಯಾರಿಗೂ ಬರಲಿಲ್ಲ. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಬೈಕಿನ ವಿಷಯ. ಹತ್ತು ಕೋಟಿ ಜನರ ಆ ದೇಶದಲ್ಲಿ ನೋಂದಣಿಯಾದ ಬೈಕು, ಸ್ಕೂಟರ್‌ಗಳು ಏಳು ಕೋಟಿ ದಾಟಿವೆ. ಬಾಡಿಗೆಗೆ ಹೆಚ್ಚಾಗಿ ಸಿಗುವುದು ಕ್ಲಚ್ಚಿಲ್ಲದೆ ಗೇರು ಮಾತ್ರ ಇರುವ ಹೋಂಡಾ ವೇವ್‌ನಂಥ ಗಾಡಿ. ನಮ್ಮಲ್ಲಿ ಹಿಂದೆ ಬಂದು ಹೆಚ್ಚು ದಿನ ನಿಲ್ಲದ ಹೀರೊ ಹೋಂಡಾ ಸ್ಟ್ರೀಟ್ ಓಡಿಸಿದವರಿಗೆ ಅದು ಹೊಸದೆನಿಸದು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಹಳೇಪೇಟೆಯ ಬೀದಿಗಳಲ್ಲಿ ದಿನದ ಬಹುಪಾಲು ವಾಹನ ನಿಷೇಧವಿದೆ, ಹಾಗಾಗಿ ಗಾಡಿ ಹತ್ತುವುದೇ ಪೇಟೆಯ ಅಂಚಿನಿಂದ.

ಪಶ್ಚಿಮಕ್ಕೆ ಮೂರು ಕಿ.ಮೀ. ಹೋದರೆ ಥಾನ್ ಹಾ, ಕುಂಬಾರರ ಊರು. ಇಲ್ಲಿ ಒಂದು ತಿಗರಿಗೆ ಇಬ್ಬರು ಬೇಕು, ಹೆಚ್ಚಾಗಿ ಇಬ್ಬರೂ ಹೆಂಗಸರೇ. ಒಬ್ಬಾಕೆ ನಿಂತುಕೊಂಡು ಕಾಲಿನಿಂದ ತಿಗರಿ ತಳ್ಳುತ್ತಲೇ ಕೈಯಲ್ಲಿ ಮುಂದಿನ ಮಡಕೆಯ ಮಣ್ಣು ನಾದುತ್ತಾಳೆ. ಇನ್ನೊಬ್ಬಾಕೆ ಕೂತು ಮಡಕೆ ಎತ್ತುತ್ತಾಳೆ. ವೇಗ ಹೆಚ್ಚಿಸು, ತಗ್ಗಿಸು ಎಂಬ ಮಾತೇ ನಡೆಯುವುದಿಲ್ಲ. ಮಣ್ಣು ತು ಬೊನ್ ದಡದ್ದು. ಹೋಯ್ ಆನ್ ಮನೆಗಳ ಮಾಡಿನಲ್ಲಿ ಒಂದು ಸಾಲು ಅಂಗಾತ, ಒಂದು ಸಾಲು ಬೋರಲು ಕೂರುವ ಹೆಂಚುಗಳಿವೆಯಲ್ಲ, ನಮ್ಮ ನಾಡಹೆಂಚಿನ ಹಾಗೆ, ಅಂಥ ಹೆಂಚು, ಇಟ್ಟಿಗೆಗಳೂ ಈ ಊರಿನ ಹಳೆಯ ಕಸುಬು. ಮಕ್ಕಳಿಗೆ ಪ್ರಾಣಿಗಳ ಆಕಾರದ ಮಣ್ಣಿನ ಪೀಪಿ ಕೊಳ್ಳಿ. ಪಕ್ಕದ ಟೆರಾಕೋಟ ಪಾರ್ಕಿನಲ್ಲಿ ಜಗತ್ತಿನ ಪ್ರಸಿದ್ಧ ಕಟ್ಟಡಗಳ ಮಾದರಿಗಳಿವೆ, ಬಿಟ್ಟರೂ ನಷ್ಟವಿಲ್ಲ.

ಹೊಳೆಯಾಚೆ ಕಿಮ್ ಬೊಂಗ್. ಹೋಯ್ ಆನ್‌ನ ಮರಗೆಲಸ ಬಹುಮಟ್ಟಿಗೆ ಇಲ್ಲಿನ ಬಡಗಿಗಳದ್ದು, ಹಳೆಯ ರಾಜಧಾನಿ ಹುವೆಯ ಅರಮನೆಗೂ ಇವರನ್ನೇ ಕರೆಸಿಕೊಂಡಿದ್ದರಂತೆ. ಉತ್ತರದಲ್ಲಿ ಚಾ ಕ್ವೆ ಎಂಬ ಸೊಪ್ಪಿನ ಹಳ್ಳಿ. ಮರಳು ನೆಲಕ್ಕೆ ನದಿಯ ಪಾಚಿಯನ್ನೇ ಗೊಬ್ಬರವಾಗಿ ಹಾಕಿ ತುಳಸಿ, ಪುದೀನದ ಜಾತಿಯ ಸೊಪ್ಪುಗಳನ್ನು ಬೆಳೆಯುತ್ತಾರೆ. ಪೇಟೆಯಲ್ಲಿ ತಿನ್ನುವ ಕಾವ್ ಲಾವ್ ಎಂಬ ದಪ್ಪ ಶಾವಿಗೆಯ ಮೇಲೆ ಹರಡಿರುವುದು ಇದೇ ಸೊಪ್ಪು. ಆ ಶಾವಿಗೆಗೆ ಬಾ ಲೆ ಎಂಬ ಹಳೆಯ ಬಾವಿಯ ನೀರೇ ಆಗಬೇಕು ಎಂಬುದು ಊರಿನವರ ಹಟ. ಆ ಬಾವಿ ತೋಡಿದವರು ಚಾಮ್ ಜನ ಎನ್ನುತ್ತಾರೆ.

ವಿಯೆಟ್ನಾಮಿಯರಿಗಿಂತ ಮೊದಲು ಈ ನದಿಬಯಲು ಅವರದೇ ಆಗಿತ್ತು. ಅದನ್ನು ಕಣ್ಣಾರೆ ಕಾಣಬೇಕಾದರೆ ನೈರುತ್ಯಕ್ಕೆ 40 ಕಿ.ಮೀ. ಗದ್ದೆಬಯಲ ದಾರಿ ಹಿಡಿದು ಮಿ ಸನ್ ಕಣಿವೆಗೆ ಹೋಗಬೇಕು. ನಡುವೆ ಸಿಗುವ ಚಾ ಕಿಯೆವ್ ಈಗ ಸಾಧಾರಣ ಊರು, ಒಂದು ಕಾಲಕ್ಕೆ ಚಾಮರ ರಾಜಧಾನಿ ಸಿಂಹಪುರ. ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ 4ನೇ ಶತಮಾನದ ಕೊನೆಗೆ ಭದ್ರವರ್ಮನೆಂಬ ಚಾಮ್ ದೊರೆ ಮಿ ಸನ್‌ನಲ್ಲಿ ಶಿವನನ್ನು ಸ್ಥಾಪಿಸಿ ಭದ್ರೇಶ್ವರ ಎಂದು ಹೆಸರಿಟ್ಟ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ತನ್ನ ಗುಡಿಗೆ ವಿಜಯೇಶ್ವರ ಎಂದು ಹೆಸರಿಟ್ಟದ್ದೂ ಇದೇ ಪದ್ಧತಿ. 13ನೇ ಶತಮಾನದವರೆಗೂ ಇಲ್ಲಿ ಗುಡಿಗಳನ್ನು ಕಟ್ಟುತ್ತಲೇ ಹೋದರು, ಸಂಸ್ಕೃತದಲ್ಲಿ ಶಾಸನ ಬರೆಸಿದರು. ಕಟ್ಟಿದ್ದು ಮುಖ್ಯವಾಗಿ ಇಟ್ಟಿಗೆಯಲ್ಲಿ, ಕೆತ್ತಿದ್ದು ಗೋಡೆ ಎದ್ದ ಮೇಲೆ. ಇಟ್ಟಿಗೆಗಳ ಸಂದಿನಲ್ಲಿ ಗಾರೆ ಕಾಣುವುದೇ ಇಲ್ಲ, ಮರದ ರಾಳ ಬಳಸಿರಬಹುದೆಂದು ಹಲವರ ಅಂದಾಜು.

ಉಳಿದಿರುವುದು ಸ್ವಲ್ಪವೇ. ಸುಮಾರು 24 ಮೀಟರ್ ಎತ್ತರವಿದ್ದ ಎ1 ಗುಡಿ 1969ರ ಅಮೆರಿಕನ್ ಬಾಂಬ್ ದಾಳಿಗೆ ಕುಸಿಯಿತು. ಯುದ್ಧ ಮುಗಿದ ಮೇಲೆ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ ವರ್ಷಗಟ್ಟಲೆ ಇಲ್ಲಿ ದುರಸ್ತಿ ನಡೆಸಿದರು. ಹೋಯ್ ಆನ್ ಪೇಟೆಯಲ್ಲಿ ಅವರ ಸ್ಮಾರಕವಿದೆ. 2017ರಿಂದ 2022ರವರೆಗೆ ಎ, ಎಚ್, ಕೆ ಎಂಬ ಗುಡಿಗುಂಪುಗಳ ಕೆಲಸ ಮಾಡಿದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. 2020ರಲ್ಲಿ ಅಗೆಯುವಾಗ 9ನೇ ಶತಮಾನದ ಏಕಶಿಲೆಯ ಲಿಂಗವೊಂದು ಸಿಕ್ಕಿತು. ಗೂಡುದೀಪಕ್ಕಾಗಿ ಹೋಗುವ ಕನ್ನಡಿಗರು ಇದನ್ನು ತಪ್ಪಿಸಿಕೊಂಡರೆ ದಂಡವೇ ಸರಿ. ಬಿಸಿಲೇರುವ ಮೊದಲೇ ತಲುಪಿ, ಬಸ್ಸುಗಳು ಬರುವ ಮುನ್ನ ನೋಡಿ ಮುಗಿಸಿ.

ಇನ್ನೂ ಉತ್ಸಾಹವಿದ್ದರೆ ದ ನಾಂಗ್ ದಾಟಿ ಹಾಯ್ ವಾನ್ ಘಾಟಿ ಇದೆ. ಘಾಟಿಯ ಕೆಳಗೆ 2005ರಲ್ಲಿ ತೆರೆದ ಸುರಂಗದೊಳಗೆ ಬೈಕು ಓಡಿಸುವಂತಿಲ್ಲ. ಕಾರು, ಬಸ್ಸುಗಳು ಹೆಚ್ಚಾಗಿ ಅತ್ತ ಹೋಗುವುದರಿಂದ ಸಮುದ್ರದ ಮೇಲಿನ ಈ ತಿರುವುಗಳು ಬೈಕಿನವರಿಗೆ ಉಳಿದಿವೆ.

ಹೊರಡುವ ಮುನ್ನ ಕೆಲವು ವಿಷಯ ಗೊತ್ತಿರಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಗಬೇಡಿ, ನದಿ ಉಕ್ಕಿ ಪೇಟೆಯ ಮನೆಗಳಿಗೇ ನೀರು ನುಗ್ಗುವ ಕಾಲ ಅದು. ಫೆಬ್ರುವರಿಯಿಂದ ಏಪ್ರಿಲ್ ಒಳ್ಳೆಯದು. ಬಾಡಿಗೆಯವರಿಗೆ ಪಾಸ್‌ಪೋರ್ಟನ್ನು ಅಡವಿಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಭಾರತದಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಅಂಗಡಿಯವರು ಕೇಳದೆ ಗಾಡಿ ಕೊಟ್ಟರೂ ಪೊಲೀಸರು ಹಿಡಿದರೆ ದಂಡ, ಬಿದ್ದರೆ ವಿಮೆ ಕೈಕೊಡಬಹುದು. ಸ್ಥಳೀಯ ಸವಾರರನ್ನು ಗೊತ್ತು ಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂರುವುದೇ ಜಾಣತನ, ಅವರಿಗೆ ಗದ್ದೆಯ ನಡುವಿನ ಒಳದಾರಿಗಳೂ ಗೊತ್ತು.