ಕಲೆ ಇಲ್ಲಿ, ಸೋರಿಕೆ ಎಲ್ಲಿ?

ನಮ್ಮ ಮನೆಯ ಕೆಳಗಿನ ಮಲಗುವ ಕೋಣೆಯ ಸ್ಲ್ಯಾಬಿನ ಮೂಲೆಯಲ್ಲಿ ಮೊದಲು ಕಾಣಿಸಿದ್ದು ಅಂಗೈಯಗಲದ ಹಳದಿ ಕಲೆ. ಆ ಕೋಣೆಯ ಮೇಲೆ ಅರ್ಧ ತಾರಸಿ, ಅರ್ಧ ಮೇಲಂತಸ್ತಿನ ಬಚ್ಚಲು. ಕರಾವಳಿಯ ಮಳೆ ಬೇರೆ! ತಾರಸಿಯೇ ಸೋರುತ್ತಿದೆ ಎಂದು ಎಲ್ಲರೂ ತೀರ್ಮಾನಿಸಿದೆವು. ಮೇಸ್ತ್ರಿ ಬಂದು ಎರಡು ಸಲ ಸಿಮೆಂಟ್ ಬಳಿದು ಹೋದರು. ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟ ಹಣ ಹಾಗೆ ಕರಗಿತು. ಕಲೆ ಮಾತ್ರ ಬೆಳೆಯುತ್ತಲೇ ಇತ್ತು. ಮುಗ್ಗಲು ವಾಸನೆಗೆ ಅತ್ತೆಯ ಉಬ್ಬಸವೂ ಹೆಚ್ಚಾಯಿತು.

ಫೆಬ್ರವರಿಯಲ್ಲಿ ಒಂದು ದಿನ ಜೇಡರ ಬಲೆ ತೆಗೆಯುವಾಗ ಕಲೆಯನ್ನು ಮುಟ್ಟಿ ನೋಡಿದೆ. ಒದ್ದೆ! ಫೆಬ್ರವರಿಯಲ್ಲಿ ಎಲ್ಲಿಯ ಮಳೆ?

ನೀರು ಇಳಿದ ಜಾಗದಲ್ಲೇ ತೊಟ್ಟಿಕ್ಕಬೇಕೆಂದಿಲ್ಲ. ಕಾಂಕ್ರೀಟಿನ ಬಿರುಕು ಹಿಡಿದು, ಪೈಪಿನ ಮೈ ಹಿಡಿದು ಎಷ್ಟೋ ದೂರ ಹರಿದು ಬೇರೆಲ್ಲೋ ಹೊರಬರುತ್ತದೆ. ಹಂಚಿನ ಮಾಡಿನಲ್ಲೂ ಹಾಗೆಯೇ. ಹಂಚು ಒಡೆದದ್ದು ಮೇಲೆ, ನೀರು ಪಕ್ಕಾಸು ಹಿಡಿದು ಇಳಿದು ಬೀಳುವುದು ಕೆಳಗೆ. ನಡುಹಗಲಲ್ಲಿ ದೀಪ ಆರಿಸಿ ಮೇಲೆ ನೋಡಿದರೆ ಬಿಸಿಲು ತೂರುವ ಕಿಂಡಿ ಕಾಣುತ್ತದೆ.

ನಾನು ಮೊದಲು ಮಾಡಿದ್ದು, ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದದ್ದು. ರಾತ್ರಿ ಎಲ್ಲ ನಳ್ಳಿ ಬಂದ್ ಮಾಡಿ, ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಹಾಕಿಕೊಂಡೆ. ಬೆಳಿಗ್ಗೆ ಫಜ್ರ್‌ಗೆ ಎದ್ದವಳು ಯಾರೂ ವುಝೂಗೆ ನಳ್ಳಿ ತಿರುಗಿಸುವ ಮೊದಲೇ ಮೇಲೆ ಓಡಿದೆ. ಮಟ್ಟ ಇಳಿದಿರಲಿಲ್ಲ. ಅಂದರೆ ಟ್ಯಾಂಕಿನಿಂದ ಬರುವ ಪೈಪುಗಳು ಸರಿಯಿವೆ. (ಮೀಟರ್ ಇರುವವರು ಮೀಟರನ್ನೇ ನೋಡಬಹುದು. ನಳ್ಳಿಗಳೆಲ್ಲ ಬಂದ್ ಇದ್ದೂ ಅದು ತಿರುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ.) ಉಳಿದದ್ದು ಬಚ್ಚಲಿನ ನೆಲ ಮತ್ತು ನೀರು ಹೊರಹೋಗುವ ದಾರಿ. ತೂತಿಗೆ ಬಟ್ಟೆ ತುರುಕಿ ನೆಲದಲ್ಲಿ ಎರಡಿಂಚು ನೀರು ನಿಲ್ಲಿಸಿದೆ. ಸಂಜೆಯವರೆಗೂ ಕಲೆ ಬದಲಾಗಲಿಲ್ಲ. ಬಟ್ಟೆ ತೆಗೆದು ನೀರು ಬಿಟ್ಟೆ. ಅರ್ಧ ಗಂಟೆಯಲ್ಲಿ ಗೆರೆಯೊಳಗೆಲ್ಲ ಕಪ್ಪಾಯಿತು! ನೆಲದಡಿಯ ಪೈಪಿನ ಜಾಯಿಂಟ್ ಬಿಟ್ಟಿತ್ತು.

ಕಮೋಡಿನ ಮೇಲೆ ಸಂಶಯವಿದ್ದರೆ ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ಸ್ವಲ್ಪ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗೆ ಬಣ್ಣ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ ಎಂದರ್ಥ. ಗೋಡೆಯ ತೇವ ಒಳಗಿನದೋ ಕೋಣೆಯ ಗಾಳಿಯದೋ ಎಂದು ತಿಳಿಯಬೇಕಾದರೆ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಗೋಡೆಯ ಬದಿಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿದೆ. ಹೊರಬದಿಗೆ ಕಟ್ಟಿದರೆ ಕಿಟಕಿ ತೆರೆದು ಗಾಳಿಯಾಡಿಸಿದರೆ ಸಾಕು, ಮೇಸ್ತ್ರಿ ಬೇಡ.

ಆದರೆ ಸ್ವಿಚ್‌ಬೋರ್ಡ್ ಹತ್ತಿರ ತೇವ ಕಂಡರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಒದ್ದೆ ಗೋಡೆ, ಬೋರ್ಡ್ ಮುಟ್ಟದೆ ಮೊದಲು ಮೈನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇ.ಎಲ್.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ ಅದು ಹಾಳಾಗಿದೆಯೆಂದು ತೆಗೆಸಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಎಚ್ಚರಿಸುತ್ತಿರಬಹುದು.

ಪ್ಲಂಬರ್ ನಾಲ್ಕು ಟೈಲ್ಸ್ ಕಿತ್ತು ಜಾಯಿಂಟ್ ಬದಲಿಸಿದರು. ಒಂದು ದಿನದ ಕೆಲಸ. ಮರುದಿನವೇ ಬಣ್ಣ ಬಳಿಸೋಣ ಎಂದರು ಮನೆಯವರು. ನಾನು ಒಪ್ಪಲಿಲ್ಲ. ಒದ್ದೆಯ ಮೇಲೆ ಬಳಿದ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಸ್ಲ್ಯಾಬ್ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ಜೂನ್ ಮಳೆಯಲ್ಲೂ ಪೆನ್ಸಿಲ್ ಗೆರೆಯೊಳಗೆ ಒಣಗಿಯೇ ಇತ್ತು. ಬಣ್ಣ ಬಳಿಸಿದ್ದು ಮಳೆ ಮುಗಿದ ಮೇಲೆ.